ಎರಡು ಸೆಕೆಂಡ್

"ರೀ ಜಯಸಿಂಹ, ಗಡಿಯಾರ ನಾನು ನೋಡ್ತೀನಿ. ನೀವು ಸ್ಕ್ರೀನ್ ನೋಡಿ. ನನ್ನ ಮುಖ ಅಲ್ಲ."

ಮುಂಬಯಿಯ ಬೈಕುಲ್ಲಾದ ತನ್ನ ಇಕ್ಕಟ್ಟು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಜಯಸಿಂಹನ ಕಿವಿ ಕೆಂಪಾಯಿತು. ವನಮಾಲಾ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವವಳು. ಆಫೀಸಿನ ಲ್ಯಾಪ್‌ಟಾಪ್ ಹೊತ್ತುಕೊಂಡು ಈ ತಿಂಗಳಲ್ಲಿ ನಾಲ್ಕನೇ ಸಲ ಬಂದಿದ್ದಳು. ನಿಜಕ್ಕೂ ಅದು ಕೆಟ್ಟಿದ್ದು ಒಂದೇ ಸಲ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಇವತ್ತಿನ ನೆಪ, ಇನ್ನೂ ವೇಗದ ಮೆಮೊರಿ ಕೊಳ್ಳಬೇಕೇ ಬೇಡವೇ ಎಂದು ಆಫೀಸಿಗೆ ಅವನ ರಿಪೋರ್ಟ್. ಹಳೆಯ ಮೆಮೊರಿಯಲ್ಲಿ ನಕ್ಷೆ ತೆರೆದುಕೊಳ್ಳಲು ನಲವತ್ತೆರಡು ಸೆಕೆಂಡ್ ಹಿಡಿಯಿತು. ಪರೀಕ್ಷೆಗೆಂದು ಎರವಲು ತಂದ ಹೊಸದನ್ನು ಹಾಕಿದಾಗ ನಲವತ್ತು.

"ಎರಡೇ ಸೆಕೆಂಡ್! ಸುಮ್ನೆ ದಂಡ ಕಣ್ರೀ," ಎಂದು ಅವನು ನಕ್ಕ.

"ಎರಡು ಸೆಕೆಂಡ್ ಅಂದ್ರೆ ಕಮ್ಮೀನಾ?" ಅವಳು ಓರೆಗಣ್ಣಿನಲ್ಲಿ ನೋಡಿ ನಕ್ಕಳು. ಆಮೇಲೆ ಆ ನಗು ಕುಗ್ಗಿತು. "ಬೇಕು ಅಂತ ನೀವು ಬರೆದುಕೊಟ್ರೆ, ಸಿಂಗಾಪುರದಿಂದ ಮಾಲು ಬರೋಕೆ ಆರು ವಾರ. ಅದನ್ನ ಹಾಕಿಸಿ ನೋಡೋವರೆಗೂ ಆಫೀಸಲ್ಲಿ ನಂಗೆ ರಜೆ ಕೊಡಲ್ಲ. ಬೇಡ ಅಂದ್ರೆ ಭಾನುವಾರದ ಗಾಡೀಲಿ ಮೈಸೂರಿಗೆ. ಅಪ್ಪ ಗಂಡಿನ ಕಡೆಯವರನ್ನ ಕರೆಸಿದ್ದಾರೆ."

ಜಯಸಿಂಹ ಕಂಡದ್ದನ್ನು ಕಂಡಹಾಗೆ ಬರೆಯುವವನು. ಅದೊಂದೇ ಅವನ ಆಸ್ತಿ. 'ಅಗತ್ಯವಿಲ್ಲ' ಎಂದು ಬರೆದು ಸೀಲು ಒತ್ತಿದ.

ಅವಳು ಓದಿ ಕಾಗದ ಮಡಚಿದಳು. "ಸುಳ್ಳು ಬರೀರಿ ಅಂತ ನಾನೂ ಹೇಳಲ್ಲ. ಕಾಗದ ಹಾಳಾಗ್ಲಿ, ಬಾಯಲ್ಲಿ ಒಂದು ಮಾತು ಹೇಳಿ. ಬರಲ್ಲ ಅಂತ ಅಪ್ಪನಿಗೆ ನಾನೇ ಬರೀತೀನಿ."

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಡಬಾರದಿತ್ತೇ, ಪುಣ್ಯಾತ್ಮ! ಆಂಟಾಪ್ ಹಿಲ್‌ನ ತನ್ನ ಒಂದೇ ಕೋಣೆಯ ಮನೆ, ಅದರೊಳಗಿನ ತಾಯಿ, ಇಬ್ಬರು ತಂಗಿಯರು, ಎಲ್ಲ ಕಣ್ಣ ಮುಂದೆ ಬಂದು ನಿಂತಿತು.

"ನಿಮ್ಮ ಲೋಕಲ್ ರೈಲಿಗೆ ಹೊತ್ತಾಯ್ತು," ಎಂದ.

ಅವಳು ಕಾಗದವನ್ನು ಬ್ಯಾಗಿಗೆ ಹಾಕಿದಳು. "ಹೌದು ಕಣ್ರೀ. ಹೊತ್ತಾಯ್ತು." ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ಒಂದೂವರೆ ತಿಂಗಳಾದ ಮೇಲೆ ಅದೇ ಲ್ಯಾಪ್‌ಟಾಪ್ ಮತ್ತೆ ಬಂತು. ತಂದವನು ಅವಳ ಆಫೀಸಿನ ಪ್ಯೂನ್ ರಮಾನಾಥ. ಜೊತೆಗೊಂದು ಹೊಸ ಮೆಮೊರಿ.

"ಸಾಹೇಬ್ರು ನಿಮ್ಮ ರಿಪೋರ್ಟ್ ಓದ್ಲೇ ಇಲ್ಲ ಸಾರ್, ತರಿಸೇಬಿಟ್ರು," ಎನ್ನುತ್ತಾ ರಮಾನಾಥ ಪೊಟ್ಟಣ ಬಿಚ್ಚಿ ಪೇಢೆ ಕೊಟ್ಟ. "ವನಮಾಲಾ ಮೇಡಂದು ಲಗ್ನ ಆಯ್ತು, ಮೊನ್ನೆ ಮೈಸೂರಲ್ಲಿ. ರಜೆ ಸಿಗ್ಲಿಲ್ಲ ಅಂತ ಕೆಲಸಾನೇ ಬಿಟ್ಟು ಹೋಗಿದ್ರು. ನೀವು ಹಾಕ್ತಿರಿ, ನಾನು ಚಾ ಕುಡ್ದು ಬರ್ತೀನಿ."

ಜಯಸಿಂಹ ಪೇಢೆಯನ್ನು ಮೇಜಿನ ಮೂಲೆಗಿಟ್ಟ. ಮೆಮೊರಿ ಕೂರಿಸಿ ಅವಳ ನಕ್ಷೆ ತೆರೆದ. ಸ್ಕ್ರೀನನ್ನೂ ಗಡಿಯಾರವನ್ನೂ ಈ ಸಲ ಒಬ್ಬನೇ ನೋಡಬೇಕಾಯಿತು. ಸರಿಯಾಗಿ ನಲವತ್ತು. ಅವನು ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಅವಳು ಕೂರುತ್ತಿದ್ದ ಸ್ಟೂಲು ಎದುರಿಗೇ ಇತ್ತು.

"ಹೋಗಬೇಡಿ, ವನಮಾಲಾ," ಎಂದು ಅದಕ್ಕೆ ಮೆಲ್ಲಗೆ ಹೇಳಿ, ಗಡಿಯಾರ ನೋಡಿದ.

ಎರಡು ಸೆಕೆಂಡ್ ಹಿಡಿದಿತ್ತು.