ಕುಸುಬಿಯ ಪೂರ್ಣ ಹೆಸರು

ನಮ್ಮ ನಾಲ್ಕು ತಾಲೂಕುಗಳ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ದಾಖಲಾಗಬೇಕಾದ ಪ್ರಶ್ನೆಯೊಂದು ಕಳೆದ ಮಾಘಮಾಸದಲ್ಲಿ ಎದ್ದಿತು: 'ಉಳಿದವರು' ಬಳಗದ ವರ್ಷದ ಶುಲ್ಕ ನೂರಾ ಐವತ್ತು ಇರಬೇಕೋ, ನೂರಾ ಐವತ್ತೊಂದೋ? ಮೂರು ವಾರ ಚರ್ಚೆ ನಡೆಯಿತು. ಇಬ್ಬರು ಸಿಟ್ಟಾಗಿ ಗ್ರೂಪ್ ಬಿಟ್ಟರು, ಊಟ ಮಾಡಿ ಮತ್ತೆ ಸೇರಿದರು. ದುಂಡು ಮೊತ್ತ ಸಾವಿನ ಮನೆಗೆ, ಮೇಲೊಂದು ರೂಪಾಯಿ ಇಡಲೇಬೇಕು ಎಂದರು ಇಂಡಿಯವರು. ನಾವೆಲ್ಲ ಸಾವಿನ ಮನೆಯವರೇ ಅಲ್ಲವೇ ಎಂದರು ಮುದ್ದೇಬಿಹಾಳದವರು.

ಅದು ನಿಜ. 'ಉಳಿದವರು' ಅಂದರೆ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಉಳಿದವರು. ಮುನ್ನೂರು ಚಿಲ್ಲರೆ ಮಂದಿ ಟೆಲಿಗ್ರಾಮಿನಲ್ಲಿ ಸೇರುತ್ತಿದ್ದರು. ಪಿಂಚಣಿ ಅರ್ಜಿ, ವಕೀಲರ ಸಲಹೆ, ಇಲ್ಲದವರಿಗೆ ರೀಚಾರ್ಜು ಎಲ್ಲವೂ ದೇಣಿಗೆಯಲ್ಲೇ ನಡೆಯುತ್ತಿತ್ತು. ಮೊದಲನೆಯ ನಿಯಮ: ಯಾರೂ ಯಾರ ನಿಜವಾದ ಹೆಸರನ್ನೂ ಕೇಳಬಾರದು.

ಖಜಾಂಚಿ ಸಂಗಮೇಶ, ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುವವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ದುಃಖಕ್ಕೂ ಪಂಚ್ ಹೊಡೆದು ಫೈಲಿಗೆ ಹಾಕಬಲ್ಲ ಮನುಷ್ಯ. ಅವನ ತಾಳೆಪಟ್ಟಿಯಲ್ಲಿ ಪ್ರತಿ ತಿಂಗಳೂ ಒಂದೇ ಸಾಲು ಚುಚ್ಚುತ್ತಿತ್ತು: 'ಪೀರಬಿ ಮೂಲಕ.' ಪೀರಬಿ ಬಳೆ ಮಾರುವವಳು, ಬಳಗದವಳೇ. ಹಳ್ಳಿಗಳನ್ನು ಸುತ್ತುವಾಗ ಹೆಂಗಸರು ಕೊಟ್ಟ ಹತ್ತು ಇಪ್ಪತ್ತನ್ನು ಬಳೆಯ ಡಬ್ಬಿಯ ತಳದಲ್ಲಿಟ್ಟು ತರುತ್ತಿದ್ದಳು. ಹೆಸರಿಲ್ಲ, ಊರಿಲ್ಲ, ರಸೀದಿ ಬೇಡ.

ಅವನನ್ನು ಚುಚ್ಚುತ್ತಿದ್ದ ಇನ್ನೊಂದು ಸಂಗತಿಯೂ ಇತ್ತು. ಗ್ರೂಪಿನಲ್ಲಿ ಅದರ ಹೆಸರು 'ಕುಸುಬಿ'.

"ಕುಸುಬಿ ಅಂತ ಯಾಕ ಇಟ್ಕೊಂಡೀರಿ?" ಎಂದು ಒಮ್ಮೆ ಮೆಸೇಜಿನಲ್ಲಿ ಕೇಳಿದ್ದ.

"ಮುಳ್ಳ ಅದಾವ್ರಿ ಸರ. ದನಾ ಬಾಯಿ ಹಾಕಬಾರದಂತ ಹೊಲದ ಸುತ್ತ ಹಾಕ್ತಾರಲ್ರಿ."

"ನಾ ದನಾ ಅಲ್ರಿ."

"ಅದನ್ನ ದನಾನ ಹೇಳಿದ್ರ ನಡಿಯೂದಿಲ್ರಿ. ಹೊಲದವ್ರು ಹೇಳಬೇಕು."

ಸ್ಟಾಫ್ ರೂಮಿನಲ್ಲಿ ಒಬ್ಬನೇ ನಕ್ಕ. ಸಹೋದ್ಯೋಗಿಗಳು ತುಟ್ಟಿಭತ್ಯೆ ಏರಿದೆ ಎಂದುಕೊಂಡು ಸುತ್ತುವರಿದರು.

ಶುಲ್ಕದ ಸಮಿತಿಯಲ್ಲಿ ಮೂವರು: ಅವನು, ಪೀರಬಿ, ಕುಸುಬಿ. ಸಿಂದಗಿ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಮೊದಲ ಸಭೆ. ಕಣ್ಣಿನ ಡಾಕ್ಟರಿಗೆ ತೋರಿಸಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದಳು ಕುಸುಬಿ. ಮೂವತ್ತೆರಡರ ಹೆಂಗಸು, ತಲೆಯ ಮೇಲೆ ಸೆರಗು, ಬರಿಗೈ.

ಅವಳ ಕಣ್ಣುಗಳಿಗೆ ಯಾವ ಕಾಯಿಲೆಯೂ ಇದ್ದಂತೆ ಕಾಣಲಿಲ್ಲ. ನೋಡಿದ ಮೇಲೆ ರೆಪ್ಪೆ ಇಳಿಸುವವರಿರುತ್ತಾರೆ. ಇವಳು ರೆಪ್ಪೆ ಇಳಿಸಿಕೊಂಡೇ ನೋಡಲು ಶುರುಮಾಡುತ್ತಿದ್ದಳು, ಚಹಾದ ಲೋಟದ ಅಂಚಿನಿಂದ. ಸಂಗಮೇಶ ಸಕ್ಕರೆ ಹಾಕಿದ ಚಹಾಕ್ಕೆ ಮತ್ತೆ ಸಕ್ಕರೆ ಹಾಕಿದ.

"ಸರ, ಅದು ಎರಡನೇ ಸಲಾರಿ," ಎಂದಳು.

"ನನಗ ಸವಿ ಭಾಳ ಬೇಕ್ರಿ."

"ಕಾಣಸ್ತೈತಿ."

ಅವನು ಗಂಟಲು ಸರಿಮಾಡಿಕೊಂಡು ಕಾಗದ ತೆಗೆದ. "ದೇಣಿಗಿ ಮ್ಯಾಲ ಬಳಗ ನಡಿಯೂದಿಲ್ರಿ. ಶುಲ್ಕ ಇಡೋಣು. ಎಲ್ಲಾರೂ ಫಾರಂ ತುಂಬಲಿ. ಪೂರ್ಣ ಹೆಸರು, ವಿಳಾಸ. ಎಲ್ಲಾರಿಗೂ ಒಂದ ಕಾರ್ಡು."

ಅವಳ ಮುಖದ ನಗು ಇಳಿಯಿತು. "ಬ್ಯಾಡ್ರಿ ಸರ. ರೊಕ್ಕ ಎಷ್ಟರ ಇಡ್ರಿ, ಹೆಸರ ಬ್ಯಾಡ."

"ಶಿಸ್ತ ಬೇಕಲ್ರಿ?"

"ಹೆಣ್ಮಗಳ ಹೆಸರಿಗೆ ಮನಿಗೆ ಒಂದ ಕಾಗದ ಬಂದ್ರ ಅದನ್ನ ಯಾರ ಒಡೀತಾರ, ಹೇಳ್ರಿ ನೋಡೂನು?"

"ಯಾರ ಹೆಸರಿಗೆ ಬಂದೈತೋ ಅವರು."

ಪೀರಬಿ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಭಾಳ ಓದೀರಿ ಬಿಡ್ರಿ ಸರ ನೀವು."

ಕುಸುಬಿ ನಗಲಿಲ್ಲ. ಅವಳ ಮನೆಯ ಕಥೆ ಪೀರಬಿಗೆ ಗೊತ್ತಿತ್ತು. ಗಂಡನ ಪಾಲಿನ ಎರಡೂವರೆ ಎಕರೆ ಅವಳ ಹೆಸರಿಗೆ ಏರಿತ್ತು. ಸೊಸೆ ಇನ್ನೊಬ್ಬನ ಕಡೆ ಕಣ್ಣೆತ್ತಿದರೆ ಹೊಲವೂ ಅವಳ ಹಿಂದೆಯೇ ಎದ್ದು ಹೋದೀತೆಂಬ ದಿಗಿಲು ಮಾವನಿಗೆ. ಹೊರಟರೆ ನೀನೊಬ್ಬಳೇ ಹೊರಡು, ಮಗಳು ಈ ಮನೆಯವಳು ಎಂದು ಅವನು ಮೊದಲೇ ಹೇಳಿಟ್ಟಿದ್ದ. ಮಗಳಿಗೆ ಏಳು ವರ್ಷ. ಅವಳ ಶಾಲೆಯ ಹೋಮ್‌ವರ್ಕ್ ನೆಪದಲ್ಲಿ ತಾಯಿಯ ಕೈಯಲ್ಲಿ ಮೊಬೈಲ್ ಉಳಿದಿತ್ತು. ಬಳಗದ ಸುದ್ದಿ ತಿಳಿದರೆ ಮೊಬೈಲೂ ಹೋಗುತ್ತಿತ್ತು, ಮಗಳೂ.

ಮಗಳಿದ್ದಾಳೆಂಬುದಷ್ಟೇ ಸಂಗಮೇಶನಿಗೆ ಗೊತ್ತಿತ್ತು; ಉಳಿದದ್ದನ್ನು ಹೇಳಲು ಕುಸುಬಿಗೆ ಮನಸ್ಸಾಗಲಿಲ್ಲ. ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ ಅವಳನ್ನು ಗಟ್ಟಿ ಹೆಂಗಸೆಂದು ತಿಳಿದಿದ್ದ. ಅದನ್ನು ಕಳೆದುಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಇನ್ನು ಅವನ ಶಿಸ್ತಿನ ಒಳಗೂ ಒಂದು ಕಳ್ಳತನವಿತ್ತು. ಅವಳನ್ನು ಮದುವೆಗೆ ಕೇಳಬೇಕಿತ್ತು. ಕೇಳಲು ಮನೆ ಬೇಕು, ಮನೆಗೆ ವಿಳಾಸ ಬೇಕು. ಹೆಸರು ಕೇಳಬಾರದೆಂಬ ನಿಯಮ ಬರೆದವನು ಅವನೇ. ಆದ್ದರಿಂದ ಒಬ್ಬಳ ಹೆಸರಿಗಾಗಿ ಮುನ್ನೂರು ಜನರಿಂದ ಫಾರಂ ತುಂಬಿಸುವ ದಾರಿ ಹುಡುಕಿದ್ದ. ಪ್ರೇಮದಲ್ಲಿ ಕಾಮರ್ಸಿನವರು ಇಷ್ಟು ದೂರ ಹೋಗಬಲ್ಲರು.

ಮತಕ್ಕೆ ಹಾಕಿದಾಗ ಶುಲ್ಕ ಗೆದ್ದಿತು. ನೂರಾ ಐವತ್ತೊಂದು. ಯುಗಾದಿಯೊಳಗೆ ಫಾರಂ ತುಂಬದವರನ್ನು ಗ್ರೂಪಿನಿಂದ ತೆಗೆಯಲಾಗುವುದು.

ಅವಳು ಬರೆದಳು: "ನನ್ನೂ ತಗೀತೀರೇನ್ರಿ?"

"ನಿಯಮ ಎಲ್ಲಾರಿಗೂ ಒಂದರಿ. ಹೆಸರ ಬರದ ಕಳಸ್ರಿ. ನಿಮಗ ಒಂದ ಮಾತ ಕೇಳೂದೈತಿ."

"ಹೆಸರಿಲ್ಲದ ಕೇಳಾಕ ಬರೂದಿಲ್ಲೇನ್ರಿ ಆ ಮಾತ?"

"ಇಲ್ರಿ. ಅದಕ್ಕ ಪೂರ್ಣ ಹೆಸರ ಬೇಕು."

ಪರದೆಯ ಮೇಲೆ 'ಟೈಪಿಂಗ್' ಎಂದು ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ ಎರಡೇ ಶಬ್ದ: "ಕಳಸ್ತೇನಿ. ತಡೀರಿ."

ನಾಲ್ಕು ದಿನದ ನಂತರ ಪೀರಬಿ ಫಾರಂ ತಂದಳು. ಕೈಯಲ್ಲಿ ಕೊಡದೆ ಮೇಜಿನ ಮೇಲಿಟ್ಟಳು. "ಕಪಾಟನ್ಯಾಗ ಇಟ್ಟ ಕೀಲಿ ಹಾಕ್ರಿ ಸರ. ಪಾಪ, ಎದಿ ಗಟ್ಟಿ ಮಾಡಿ ಬರದಾಳ."

'ಕಾವೇರಿ, ಗಂಡ ದಿವಂಗತ ಸಿದ್ದರಾಯ, ಸಾಕಿನ್ ಅಗರಖೇಡ, ತಾಲೂಕು ಇಂಡಿ.'

ಸಂಗಮೇಶ ಆ ಹೆಸರನ್ನು ಮೂರು ಸಲ ಮೆಲ್ಲಗೆ ಓದಿಕೊಂಡ. ಪೀರಬಿ ಹೇಳಿದಂತೆ ಕೀಲಿ ಹಾಕಿದ. ಹಾಕುವ ಮುಂಚೆ ವಿಳಾಸ ಬರೆದುಕೊಂಡ.

ಇಂಥ ಮಾತನ್ನು ಮೊಬೈಲಿನಲ್ಲಿ ಕೇಳುವುದು ಮರ್ಯಾದೆಯಲ್ಲವೆಂದು ಅವನ ನಂಬಿಕೆ. ಸದಸ್ಯತ್ವದ ಮೊದಲ ಕಾರ್ಡನ್ನು ಲಕೋಟೆಗೆ ಹಾಕಿ, ಜೊತೆಗೆ ಒಂದು ಹಾಳೆ ಇಟ್ಟ: 'ತಾವು ಒಪ್ಪುವುದಾದರೆ ಬರುವ ಸೋಮವಾರ ತಮ್ಮ ಹಿರಿಯರನ್ನು ಕಂಡು ಕೇಳುತ್ತೇನೆ. ತಮ್ಮ ಮಗಳು ನನ್ನ ಮನೆಗೂ ಮಗಳೇ.' ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟುಕೊಂಡ.

ಕುಸುಬಿಯಿಂದ ಉತ್ತರ ಬರಲಿಲ್ಲ. ನಾಚಿಕೆ ಇರಬೇಕೆಂದುಕೊಂಡ. ಸೋಮವಾರ ಇಸ್ತ್ರಿ ಅಂಗಿ ತೊಟ್ಟು ಬೈಕ್ ಹತ್ತಿದ.

ಅಗರಖೇಡದ ಆ ಮನೆಯ ಕಟ್ಟೆಯ ಮೇಲೆ ಮಾವ ಗುರಲಿಂಗಪ್ಪ ಕೂತಿದ್ದ. ಪಕ್ಕದಲ್ಲಿ ಇಪ್ಪತ್ತಾರರ ಕಿರಿಮಗ, ಕಾವೇರಿಯ ಮೈದುನ ಸಿದ್ಧರಾಮ ನಿಂತಿದ್ದ.

"ಬರ್ರಿ ಸರ, ಕುಂದರ್ರಿ. ನಿಮ್ಮ ಕಾಗದ ಮುಟ್ಟೇತಿ. ಅಕ್ಷರ ಮುತ್ತಿನಂಗ ಅದಾವ. ನಮ್ಮ ಸಣ್ಣ ಮಗಾ ಎರಡ ಸಲ ಓದಿ ಹೇಳಿದ."

ಕ್ಯಾಂಟೀನಿನಲ್ಲಿ ಕುಸುಬಿ ಕೇಳಿದ್ದ ಪ್ರಶ್ನೆಯ ಉತ್ತರ ಸಂಗಮೇಶನಿಗೆ ಆಗ ತಿಳಿಯಿತು.

"ಯಾವ ಮಂದಿ ನೀವು?" ಎಂದು ಜಾತಿ ಕೇಳಿದ ಗುರಲಿಂಗಪ್ಪ. ಉತ್ತರಕ್ಕೆ ಕಾಯಲಿಲ್ಲ. ಒಳಗೆ ಮುಖ ಮಾಡಿ ಕೂಗಿದ. "ಕಾವೇರಿ, ಹೊರಗ ಬಾರವಾ."

ಅವಳು ಬಂದಳು. ಎಡಗೆನ್ನೆ ಕಪ್ಪಿಟ್ಟಿತ್ತು. ಹಿಂದೆ ಬಾಗಿಲಲ್ಲಿ ಅತ್ತೆ ಶೇವಂತೆವ್ವ ನಿಂತಿದ್ದಳು, ಮೊಮ್ಮಗಳ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡು.

"ಇವ್ರು ಯಾರಂತ ಗೊತ್ತೇನ ನಿನಗ?"

ಕಾವೇರಿ ಮಗಳನ್ನು ನೋಡಿದಳು. ಆಮೇಲೆ ಸಂಗಮೇಶನನ್ನು ನೋಡಿದಳು. ಈ ಸಲ ರೆಪ್ಪೆ ಇಳಿಸಲಿಲ್ಲ, ನೆಟ್ಟಗೆ ನೋಡಿದಳು.

"ಗೊತ್ತಿಲ್ಲರಿ ಮಾವ. ಯಾರೋ ವಿಳಾಸ ತಪ್ಪಿ ಬಂದಿರಬೇಕು."

ಎಲ್ಲರೂ ಅವನ ಕಡೆ ತಿರುಗಿದರು. ಜೇಬಿನಲ್ಲಿ ಅವಳದೇ ಕೈಬರಹದಿಂದ ನಕಲು ಮಾಡಿದ ವಿಳಾಸವಿತ್ತು. ಬಾಯಲ್ಲಿ ಮೂರು ಸಲ ಹೇಳಿಕೊಂಡ ಹೆಸರಿತ್ತು. ಮಗು ಅಳು ನುಂಗುತ್ತಿತ್ತು.

"ಹೌದ್ರಿ," ಎಂದ ಸಂಗಮೇಶ. "ವಿಳಾಸ ತಪ್ಪೇತಿ. ನಾ ಈ ಅಕ್ಕಾರನ್ನ ನೋಡಿದಾವನ ಅಲ್ಲ."

ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳು. ಶೇವಂತೆವ್ವ ಮಗುವಿನ ರಟ್ಟೆ ಬಿಟ್ಟಳು.

ಗುರಲಿಂಗಪ್ಪ ಕಾರ್ಡನ್ನು ಅವನ ಅಂಗಿಯ ಜೇಬಿಗೆ ತುರುಕಿದ. "ಚಾ ಕುಡದ ಹೋಗ್ರಿ. ಬಿಸಲ ಭಾಳ ಐತಿ."

ಕುಡಿದ. ಅದಕ್ಕೆ ಸಕ್ಕರೆ ಹಾಕಿರಲಿಲ್ಲ. ಅವನು ಕೇಳಲೂ ಇಲ್ಲ.

ಮರುವಾರ ಬಳಗವು ಸದಸ್ಯತ್ವ ಶುಲ್ಕವನ್ನು ರದ್ದುಪಡಿಸಿ ದೇಣಿಗೆಗೆ ಮರಳಿತು. ಅಕ್ಷಯ ತೃತೀಯದಂದು ಕಾವೇರಿಯನ್ನು ಮೈದುನ ಸಿದ್ಧರಾಮನಿಗೆ ಮದುವೆ ಮಾಡಿಕೊಟ್ಟರು.