ಚೊಂಬು ನೀರಿನ ಲೈಬ್ರರಿ

“ಇನ್ನಾ ಹಾಕೋ ಖಂಡೆಪ್ಪ! ನೀರೇನ್ ನಿಮ್ಮಪ್ಪನ ಮನಿದಾ? ಹಾಕು!”

ದೇವೀಂದ್ರಪ್ಪ ಮಾಸ್ತರರು ಕುರ್ಚಿಯಿಂದಲೇ ಕೂಗಿದರು. ಖಂಡೆಪ್ಪ ತಾಮ್ರದ ಚೊಂಬಿನಲ್ಲಿ ಕೈ ಅದ್ದಿ, ಕಟ್ಟೆಯ ಮೇಲಿದ್ದ ಪುಸ್ತಕಗಳಿಗೆ ನೀರು ಚಿಮುಕಿಸಿದ. ಒಂದು ಸಲ ಸಾಕಿತ್ತು. ಮಾಸ್ತರರಿಂದ ಶಾಭಾಸ್ ಬೇಕಲ್ಲ, ಅದಕ್ಕೆ ಮತ್ತೆ ಮತ್ತೆ ಚಿಮುಕಿಸಿದ. ಒದ್ದೆ ಪುಸ್ತಕಗಳನ್ನು ಹಾಗೇ ಅಲ್ಮಾರಿಯಲ್ಲಿ ಜೋಡಿಸಿದ. ಮಾಸ್ತರರು ಕೀಲಿ ಹಾಕಿ, ಅದನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ಆ ಒಂದು ಅಲ್ಮಾರಿಯೇ ಕಲಬುರಗಿಯ ಆ ಶಾಲೆಯ ಲೈಬ್ರರಿ. ನಿಜಾಮರ ಕಾಲದಲ್ಲಿ ಕನ್ನಡ ಪುಸ್ತಕ ಸಿಗುವುದೇ ಅಪರೂಪ. ಹಾಗಾಗಿ ಮಾಸ್ತರರ ಜಂಬ ಹೇಳತೀರದು. ಕೆಲಸ ಮಾತ್ರ ಇಬ್ಬರು ಹುಡುಗರದು. ಮಕ್ಕಳು ಓದಿದ ಪುಸ್ತಕಗಳನ್ನು ಮನೆಮನೆ ತಿರುಗಿ ಕೂಡಿಸಿ ತರುವವನು ಮಾಪಣ್ಣ. ಸ್ಟೇಶನ್ ಬಜಾರದಿಂದ ಶರಣಸಿರಸಗಿಯವರೆಗೆ ಅವನದೇ ಓಡಾಟ. ಅಲ್ಮಾರಿಯಲ್ಲಿ ಇಡುವವನು ಖಂಡೆಪ್ಪ.

ಮಾಪಣ್ಣನ ಕೇರಿಯವರು ಮುಟ್ಟಿದ್ದೆಲ್ಲ ಮೈಲಿಗೆ ಎಂದು ಊರಿನ ದೊಡ್ಡವರು ನಂಬಿದ್ದರು. ದೊಡ್ಡವರ ತಲೆಯಲ್ಲಿ ಏನೇನು ಕಸ ತುಂಬಿರುತ್ತದೋ! ಪುಸ್ತಕ ಹೊರಲು ಅವನ ಕೈ ಬೇಕು, ಇಡಲು ಬೇಡ. ಅದಕ್ಕೇ ಈ ನೀರಿನ ಆಟ. ಅವನಿಗೆ ಓದಲು ಪುಸ್ತಕವನ್ನೂ ಕೊಡುತ್ತಿರಲಿಲ್ಲ. ಆದರೆ ದಾರಿಯಲ್ಲಿ ಓದುತ್ತ ಬರಬಹುದಿತ್ತು. ಆ ಆಸೆಗೇ ಮಾಪಣ್ಣ ಈ ಕೆಲಸ ಹಿಡಿದಿದ್ದ.

ಮಳೆಗಾಲ ಬಂತು. ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಮಾಸ್ತರರು ಗತ್ತಿನಿಂದ ಅಲ್ಮಾರಿ ತೆರೆದರು. ಗಪ್ಪೆಂದು ಮುಗ್ಗಲು ವಾಸನೆ! ಪುಸ್ತಕಗಳು ಪೂರಿಯಂತೆ ಉಬ್ಬಿದ್ದವು. ಹಾಳೆಗೆ ಹಾಳೆ ಅಂಟಿ, ಮೇಲೆ ಬೂಷ್ಟು ಬೆಳೆದಿತ್ತು.

“ಎಲ್ಲಾ ಆ ಮಾಪ್ಯಾ ತಂದ ಕಿತಾಬೇ!” ಮಾಸ್ತರರು ಹಣೆ ಬಡಿದುಕೊಂಡರು. “ನೋಡೋ ಅವನ ಕೈ ಗುಣ! ಇನ್ನ ಅವ ಲೈಬ್ರರಿ ಕಡಿ ಕಾಲಿಡಬಾರ್ದು.”

“ಹೌದ್ರಿ ಮಾಸ್ತರ, ನಂಗೂ ಹಂಗೇ ಅನಿಸಿತ್ತು,” ಎಂದ ಖಂಡೆಪ್ಪ. ಅವನಿಗೆ ಏನೂ ಅನಿಸಿರಲಿಲ್ಲ. ಹೌದಪ್ಪ ಅನ್ನುವುದು ಅಭ್ಯಾಸವಾಗಿತ್ತು, ಅಷ್ಟೇ.

ಅಷ್ಟರಲ್ಲಿ ಮಾಪಣ್ಣನೇ ಬಂದ. ತಾಯಿಗೆ ಜ್ವರವೆಂದು ಕಮಲಾಪುರಕ್ಕೆ ಹೋದವನು ಆಗಷ್ಟೇ ಮರಳಿದ್ದ. ಮೈಯೆಲ್ಲ ತೊಯ್ದಿತ್ತು. ಅಂಗಿಯೊಳಗಿಂದ ಒಂದು ಬಟ್ಟೆಯ ಗಂಟು ತೆಗೆದು, ಬಿಚ್ಚಿ, ಲೈಬ್ರರಿಗೆ ಹೊಸದಾಗಿ ಬಂದಿದ್ದ ಒಂದು ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ನಿಂತ.

“ನಾ ಹೋಗೂಮುಂದ ಅಲ್ಮಾರಿಗಿ ಕೀಲಿ ಬಿದ್ದಿತ್ರೀ. ಅದಕ್ಕ ಇದನ್ನ ಊರಿಗಿ ಒಯ್ದಿದ್ದೆ. ಅವ್ವಗ ಓದಿ ಹೇಳ್ದೆ.”

“ಮುಗೀತು! ಅದೂ ಹಾಳಾಯ್ತು! ಖಂಡೆಪ್ಪ, ನೀರು ಹಾಕು!”

ಖಂಡೆಪ್ಪ ಚೊಂಬು ಹಿಡಿದು ಬಗ್ಗಿದ. ಪುಸ್ತಕದ ಮೂಲೆಗಳು ನೆಟ್ಟಗಿದ್ದವು. ಹಾಳೆಗಳು ಗಾಳಿಗೆ ಪಟಪಟ ಅಂದವು. ಒಂದು ಹನಿ ನೀರೂ ತಾಗಿರಲಿಲ್ಲ.

ಅವನು ಉಬ್ಬಿದ ಪುಸ್ತಕಗಳ ರಾಶಿ ನೋಡಿದ. ಒದ್ದೆಯಾಗಿದ್ದ ತನ್ನ ಬೆರಳು ನೋಡಿಕೊಂಡ. ಚೊಂಬನ್ನು ಕೆಳಗಿಟ್ಟ.

“ಮಾಸ್ತರ, ಇದು ಬರೇ ಅವನ ಕೈಯಾಗೇ ಇತ್ತು. ಏನೂ ಆಗಿಲ್ಲರೀ.”

“ಅದಕ್ಕೇನೀಗ?”

“ಇದಕ್ಕ ನೀರ್ ಬಿದ್ದಿಲ್ಲ. ಕೆಟ್ಟ ಪುಸ್ತಕಕ್ಕೆಲ್ಲ ಬಿದ್ದದ. ನೀರ್ ಹಾಕ್ದವ ನಾ. ಕೆಡಿಸ್ದವ ನಾನೇರೀ, ಮಾಪಣ್ಣ ಅಲ್ಲ.”

ಮಾಸ್ತರರು ಹೌದೆನ್ನುವಂತಿರಲಿಲ್ಲ. ಹಾಕು ಹಾಕು ಎಂದವರು ಯಾರು ಎಂಬ ಮಾತು ಬರುತ್ತದಲ್ಲ!

“ಮಳಿಗಾಲ ನೋಡು, ಹುಳ ಹತ್ಯಾವ,” ಎಂದು ತೀರ್ಮಾನ ಕೊಟ್ಟರು. ಪಾಪ, ಹುಳಗಳಿಗೆ ಅಲ್ಲವೆನ್ನಲು ಬಾಯಿಲ್ಲ. “ಸುಮ್ನ ಏನ್ ನಿಂತೀರಿ? ಇಬ್ಬರೂ ಕೂಡಿ ಒಣಗಿಸ್ರಿ, ಲಗೂನ!”

ಹೀಗೆ ಮಾಪಣ್ಣನ ಕೆಲಸ ಉಳಿಯಿತು. ಮಾಸ್ತರರಿಗೆ ಬುದ್ಧಿ ಬಂತೆಂದಲ್ಲ. ಮನೆಮನೆ ಅಲೆಯಲು ಬೇರೆ ಯಾರೂ ಸಿಗಲಿಲ್ಲ.

ಮರುದಿನ ಸಂಜೆ ಮಾಪಣ್ಣ ಪುಸ್ತಕ ತಂದಾಗ ಖಂಡೆಪ್ಪ ಒಬ್ಬನೇ ಇದ್ದ. ಅವನು ಕೈ ಚಾಚಿದ.

“ಕಟ್ಟಿ ಮ್ಯಾಲ ಬ್ಯಾಡ. ಕೈಯಾಗ ಕೊಡು.”

ಮಾಪಣ್ಣ ಕೊಡಲಿಲ್ಲ. ಪುಸ್ತಕಗಳನ್ನು ಎದೆಗೆ ಅವಚಿಕೊಂಡೇ ಕೇಳಿದ, “ಈಗ ಮಾಸ್ತರ ಇಲ್ಲ, ಕೇಳಾಕತ್ತಿ. ಅವರಿದ್ದಾಗ?”

ಅಷ್ಟರಲ್ಲಿ ಅಂಗಳದಲ್ಲಿ ಮಾಸ್ತರರ ಕೆಮ್ಮು ಕೇಳಿಸಿತು. ಖಂಡೆಪ್ಪನ ಚಾಚಿದ ಕೈ ತಾನಾಗಿಯೇ ಹಿಂದೆ ಬಂದುಬಿಟ್ಟಿತು. ಮಾಪಣ್ಣ ಅದನ್ನು ನೋಡಿದ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಪುಸ್ತಕ ಇಡಲು ಸುಮ್ಮನೆ ಕಟ್ಟೆಯ ಕಡೆ ಬಗ್ಗಿದ.

ಖಂಡೆಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಾಸ್ತರರ ಮೆಟ್ಟಿನ ಸಪ್ಪಳ ಬಾಗಿಲ ಹತ್ತಿರ ಬರುತ್ತಿತ್ತು. ಅವನು ಕಟ್ಟೆಗೂ ಮಾಪಣ್ಣನಿಗೂ ನಡುವೆ ಬಂದು ನಿಂತು, ಪುಸ್ತಕಗಳಿಗೆ ಎರಡೂ ಕೈ ಒಡ್ಡಿದ.