ಅಕ್ಕನ ಉತ್ತರ

ಅಕ್ಕನ ಪ್ರೋಗ್ರಾಮ್ ಅವಳ ಕಂಪ್ಯೂಟರಿನಲ್ಲಿ ಕೊಟ್ಟ ಉತ್ತರವನ್ನು, ಬೇರೆ ಆಪರೇಟಿಂಗ್ ಸಿಸ್ಟಮ್ ಇದ್ದ ಅವಳ ಪ್ರೊಫೆಸರ್‌ನ ಕಂಪ್ಯೂಟರಿನಲ್ಲಿ ಕೊಡಲಿಲ್ಲ. ಅಷ್ಟಕ್ಕೇ ಅವನು ಅವಳನ್ನು ಸುಳ್ಳು ಉತ್ತರ ಬರೆದವಳೆಂದು ಕೆಲಸದಿಂದ ತೆಗೆದ. ಆ ಅವಮಾನ ಹೊತ್ತುಕೊಂಡೇ ಅವಳು ಸತ್ತಳು.

ಅವಳ ಸಾಮಾನು ತರಲು ಅವನ ಕೋಣೆಗೆ ಹೋದ ಮಧ್ಯಾಹ್ನ ನನಗೆ ಸಿಟ್ಟು ತಡೆಯಲಾಗಲಿಲ್ಲ. “ನನ್ನೆದುರಿಗೇ ಇನ್ನೊಂದ್ಸಲ ಓಡ್ಸಿ ಸಾರ್!”

“ನೂರು ಸಲ ಓಡ್ಸಿದೀನಮ್ಮ, ಬರಲ್ಲ,” ಎಂದು ಗೊಣಗುತ್ತಲೇ ಓಡಿಸಿದ.

ಉತ್ತರಕ್ಕೆ ಕಾಯುವಾಗ ಅಕ್ಕ ಯಾವಾಗಲೂ ಮೇಜಿನ ಮೇಲೆ ಉಗುರು ಬಡಿಯುತ್ತಿದ್ದಳು. ಅದೇ ಸದ್ದು ಅವನ ಮೇಜಿನಿಂದ ಕೇಳಿಸಿತು. ಅವನ ಎರಡೂ ಕೈ ತೊಡೆಯ ಮೇಲಿದ್ದವು. ಕೋಣೆ ತಣ್ಣಗಾಯಿತು. ಪರದೆಯ ಮೇಲೆ ಅಕ್ಕನ ಉತ್ತರವೇ ಬಂತು, ಕೊನೆಯ ಅಂಕಿಯವರೆಗೂ.

“ಈಗ ಹೇಳಿ, ಸುಳ್ಳು ಯಾರದು?” ಎಂದು ಕಿರುಚಿದೆ.

ಅವನು ಪರದೆಯ ಮೂಲೆ ತೋರಿಸಿದ. ಪ್ರೋಗ್ರಾಮ್ ಓಡಿಸಿದವರು ಎಂಬಲ್ಲಿ ಅಕ್ಕನ ಹೆಸರಿತ್ತು. ಬದುಕಿದ್ದಾಗ ಅವಳು ಆ ಕಂಪ್ಯೂಟರನ್ನು ಮುಟ್ಟಿಯೇ ಇರಲಿಲ್ಲ.